ಬೇಲಿ ನುಗ್ಗಿದ ಎಮ್ಮೆಯ ಬ್ಯಾಗು

ಚರ್ಮದ ಸುರುಳಿ ಬಿಚ್ಚಿದಾಗ ನನಗೆ ಮೊದಲು ಕಂಡದ್ದೇ ಆ ಗೀರು.

ತುಮಕೂರಿನ ನಮ್ಮ ಬ್ಯಾಗಿನ ಅಂಗಡಿಗೆ ತಮಿಳುನಾಡಿನ ವ್ಯಾಪಾರಿಯೊಬ್ಬ ಎಮ್ಮೆ ಚರ್ಮ ತರುತ್ತಾನೆ. ಆರಿಸುವವರು ಯಾವಾಗಲೂ ಅಂಗಡಿ ಯಜಮಾನರಾದ ಜಹೀರ್ ಚಾಚಾ. ಎಂಟನೇ ತರಗತಿಗೆ ಶಾಲೆ ಬಿಟ್ಟಾಗಿನಿಂದ ನಾನು ಒಳಗೆ ಕೂತು ಅಂಟು ಹಚ್ಚುತ್ತಾ, ಅವರು ಚರ್ಮವನ್ನು ಮಡಚುವುದು, ಮೂಸುವುದು, ಉಗುರಿನಿಂದ ಗೀಚುವುದು ಎಲ್ಲವನ್ನೂ ಕದ್ದು ನೋಡುತ್ತಿದ್ದೆ. ಅವತ್ತು ಅವರಿಗೆ ಏನನ್ನಿಸಿತೋ.

“ತಹಸೀನ್, ಈ ಸಲ ನೀನೇ ಆರಿಸು. ಗಿರಾಕಿ ಒಪ್ಪಿದ್ರೆ ಇನ್ಮೇಲೆ ಆರಿಸೋ ಕೆಲ್ಸ ನಿಂದೇ. ಬ್ಯಾಗು ವಾಪಸ್ ಬಂತೋ, ಮತ್ತೆ ಅಂಟಿನ ಡಬ್ಬೀನೇ” ಎಂದರು.

ನಾನು ಗೀರಿದ್ದ ಚರ್ಮವನ್ನೇ ಎಳೆದುಕೊಂಡೆ. ಮರದ ತೊಗಟೆಯಲ್ಲಿ ಹದ ಮಾಡಿದ್ದು, ಬಣ್ಣ ಬಳಿಯದ್ದು. ಇಂಥದ್ದು ಬಿಸಿಲು, ಕೈಬೆವರು ಕುಡಿದು ವರ್ಷದಿಂದ ವರ್ಷಕ್ಕೆ ಕೆಂಪೇರಿ ಕಂದಾಗುತ್ತದೆ. ಬಣ್ಣ ಬಳಿದದ್ದು ಮೊದಲ ದಿನ ಮದುವಣಗಿತ್ತಿ, ಆಮೇಲೆ ಸಿಪ್ಪೆ ಏಳುತ್ತದೆ. ಎಮ್ಮೆ ಬದುಕಿದ್ದಾಗ ಬೇಲಿ ಮುಳ್ಳು ತಾಗಿ ಮಾಯ್ದ ಗೀರು ಬಳ್ಳಿಯಂತೆ ಬಾಗಿತ್ತು.

“ಗಾಯ ಇರೋದನ್ನ ಯಾರಾದ್ರೂ ಆರಿಸ್ತಾರೇನೇ?” ಎಂದು ಕುಲ್ಸುಂ ಚಾಚಿ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಿದರು. ನಾನು ಚರ್ಮವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

ಅದರಲ್ಲಿ ಮಾಡಿದ ಮೊದಲ ಬ್ಯಾಗು ಗುಬ್ಬಿಯ ಕೊಬ್ಬರಿ ವ್ಯಾಪಾರದ ಮನೆಯ ರಂಗಮ್ಮನವರಿಗೆ ಹೋಯಿತು. ಗೀರು ಬಲಗಡೆ, ತಿಳಿ ಚರ್ಮದ ಬಣ್ಣದಲ್ಲೇ ಬೆರೆತು, ಹುಡುಕಿದವರಿಗಷ್ಟೇ ಕಾಣುವಂತಿತ್ತು. ವಾರ ತುಂಬುವ ಮೊದಲೇ ರಂಗಮ್ಮ ರೇಷ್ಮೆ ಸೀರೆಯುಟ್ಟು, ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದರು.

“ಸಾಬ್ರೇ, ನೋಡ್ರಿ ಇದರ ಅವತಾರ!”

ಬ್ಯಾಗಿನ ಎಡಭಾಗ ಕಾಫಿ ಡಿಕಾಕ್ಷನ್, ಬಲಭಾಗ ಹಾಲು.

“ಏನಮ್ಮ ಮಾಡಿದ್ರಿ ಇದಕ್ಕೆ?” ಎಂದರು ಚಾಚಾ.

“ಏನ್ ಮಾಡ್ತಾರೆ? ಕೊಬ್ರಿ ಎಣ್ಣೆ ಹಚ್ಚಿದೆ! ನಮ್ಮನೇಲಿ ತಲೆಗೂ ಅದೇ, ಮಗೀನ ಮೈಗೂ ಅದೇ, ಬಾಗ್ಲು ಕಿರ್ ಅಂದ್ರೂ ಅದೇ. ಹೊಸ ಬ್ಯಾಗಿಗೆ ಹಚ್ಚದೆ ಬುಡ್ತೀನಾ? ಅರ್ಧ ಹಚ್ಚೋ ಹೊತ್ಗೆ ಕರ್ರಗಾಗೋಯ್ತು, ಗಾಬ್ರಿಯಾಗಿ ನಿಲ್ಸ್‌ಬುಟ್ಟೆ. ಇವತ್ತು ಕುಣಿಗಲ್ಲಲ್ಲಿ ತಂಗಿ ಮಗಳ ನಿಶ್ಚಿತಾರ್ಥ. ಇದನ್ನ ನೇತಾಕ್ಕೊಂಡು ಹೋದ್ರೆ ಬೀಗ್ರು ನಗಲ್ವಾ? ವಾಪಸ್ ತಗೊಳಿ!”

ವಾಪಸ್. ಚಾಚಾ ನನ್ನ ಕಡೆ ನೋಡಿದರು. ನಾನು ಅಂಟಿನ ಡಬ್ಬಿಯ ಕಡೆ ನೋಡಿದೆ. ಗಿರಾಕಿಗಳ ಎದುರು ಎಂದೂ ತುಟಿ ಬಿಚ್ಚದವಳ ಗಂಟಲಿನಿಂದ ಅದು ಹೇಗೆ ಹೊರಟಿತೋ ಗೊತ್ತಿಲ್ಲ:

“ಅಮ್ಮ… ಎಣ್ಣೆ ಇದೆಯಾ?”

“ಏನು?”

“ಇನ್ನರ್ಧಕ್ಕೂ ಹಚ್ಚಣ.”

ರಂಗಮ್ಮ ತಂಗಿಗೆಂದು ತಂದಿದ್ದ ಗಾಣದ ಕೊಬ್ಬರಿ ಎಣ್ಣೆಯ ಬಾಟಲಿ ಅವರ ಕೈಚೀಲದಿಂದ ಹೊರಬಂತು. ಆಮೇಲೆ ಯಾರಿಗೂ ಪುರಸೊತ್ತಿಲ್ಲ. ಚಾಚಿ ಅರಿವೆ ಹರಿದು ಕೊಟ್ಟರು, ಚಾಚಾ ಬ್ಯಾಗನ್ನು ಮೆಟ್ಟಿಲ ಬಿಸಿಲಿಗೆ ಹಿಡಿದು ಕೂತರು, ನಾನು ಉಜ್ಜಿದೆ. ರಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಾಣಂತಿ ಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಿಸುವ ಅಜ್ಜಿಯಂತೆ ನನ್ನ ತಲೆ ಮೇಲೆ ನಿಂತರು. “ಸಂದೀಲಿ ಬುಟ್ಟೆ ನೋಡು! ಕಿವಿಗೂ ಹಚ್ಚೇ! ಅಯ್ಯೋ, ಅಳ್ಸಬೇಡ ಕಣೇ ಮಗೂನ!” ಚಾಚಿ ನಗು ತಡೆಯಲಾರದೆ ಅರಿವೆಯನ್ನೇ ಬಾಯಿಗೆ ಒತ್ತಿಕೊಂಡು, ಎಣ್ಣೆ ತಾಗಿ ಥೂ ಎಂದರು.

ಒರೆಸಿದಾಗ ಬ್ಯಾಗು ಇಡೀ ಹಳೆ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆದರೆ ಮಾಯ್ದ ಗಾಯ ಎಣ್ಣೆ ಕುಡಿಯುವುದಿಲ್ಲ. ಗೀರು ಬಲಗಡೆ ಬೆಳ್ಳಗೆ ಮಿಂಚುತ್ತಿತ್ತು.

“ಇದೇನೇ ಇದು?”

“ಗೀರು, ಅಮ್ಮ. ಎಮ್ಮೆಗೆ ಬೇಲಿ ಮುಳ್ಳು ತಾಗಿದ್ದು. ನಾನೇ… ಬೇಕಂತ್ಲೇ ಆರ್ಸಿದ್ದು.”

ರಂಗಮ್ಮ ಅದರ ಮೇಲೆ ಬೆರಳಾಡಿಸಿದರು.

“ಬೇಲಿ ನುಗ್ಗೋ ಎಮ್ಮೆ!” ಎಂದು ಅವರು ಗಹಗಹಿಸಿದರು. “ನಮ್ಮತ್ತೆ ನನ್ನ ಹಂಗೇ ಬೈಯೋರು ಕಣೇ! ಸಾಬ್ರೇ, ಇದನ್ನ ಯಾರಿಗೂ ಕೊಡಲ್ಲ ನಾನು. ಬೀಗ್ರು ಕೇಳಲಿ, ಹೇಳ್ತೀನಿ ಕತೇನ!”

ಬ್ಯಾಗನ್ನು ಹೆಗಲಿಗೇರಿಸಿ ಕುಣಿಗಲ್ ಬಸ್ಸಿಗೆ ಓಡಿಯೇ ಹೋದರು.

“ಆ ಕೊಬ್ರಿ ಎಣ್ಣೆ ಘಮಕ್ಕೆ ಹೆಬ್ಬೂರು ದಾಟೋದ್ರೊಳಗೆ ಬಸ್ಸಲ್ಲಿರೋರಿಗೆಲ್ಲ ಹಸಿವಾಗುತ್ತೆ” ಎನ್ನುತ್ತಾ ಚಾಚಾ ಒಳಗೆ ಬಂದು ಅಂಟಿನ ಡಬ್ಬಿ ನೋಡಿದರು. “ಇನ್ಮೇಲೆ ಇದನ್ನ ಯಾರು ಹಚ್ಚೋದು?”

“ನೀವೇ ಹಚ್ಚಿ. ಆರಿಸೋ ಕೆಲ್ಸ ತಹಸೀನ್‌ಗೆ ಹೋಯ್ತಲ್ಲ” ಎಂದರು ಚಾಚಿ.

ಚಾಚಾ ಡಬ್ಬಿಯ ಮುಚ್ಚಳದೊಂದಿಗೆ ಗುದ್ದಾಡತೊಡಗಿದರು. ಅದನ್ನು ಮೊದಲು ಒತ್ತಿ ಆಮೇಲೆ ತಿರುಗಿಸಬೇಕೆಂದು ನಾನು ತಕ್ಷಣ ಹೇಳಲಿಲ್ಲ.