ನಾ ಗಂಟು ಕಟ್ಟಿ ಒಯ್ದ ಮಣ್ಣು

ನನ್ನ ಬಾಯಿ ಜೋರು, ಊರಿಗೇ ಗೊತ್ತು. ನಮ್ಮೂರು ಚಿಕ್ಕಪಡಸಲಗ್ಯಾಗ ಈ ಯಲ್ಲಕ್ಕನ ಎದುರು ಮಾತಾಡಾಕ ಗಂಡಸರೂ ಎರಡ ಸಲ ವಿಚಾರ ಮಾಡತಾರ. ಅಂಥಾ ನನ್ನ ಬಾಯಿ ಮುಚ್ಚಿಸಿದಾಕಿ ಒಬ್ಬಾಕೀನಽ, ಜಮಖಂಡಿ ಮಣ್ಣು ಪರೀಕ್ಷಾ ಕೇಂದ್ರದ ಪೂನಮ್ ಬಾಯಾರು. ಅದೂ ಒಂದ ಮಾತೂ ಜೋರಾಗಿ ಆಡದ.

ನಮ್ಮ ಎರಡ ಎಕರೆ ಕಬ್ಬು ಹಳದಿ ತಿರುಗಿತ್ತು. ಎಲಿ ಅಂಚು ಸುಟ್ಟು, ನೆಲದ ಮ್ಯಾಲ ಅಲ್ಲಲ್ಲಿ ಬಿಳೇ ಪುಡಿ ಎದ್ದಿತ್ತು. ಗಂಡನ ಹೆಸರು ಹೇಳಬಾರದಂತಾರ, ನಾ ಹೇಳಾಕಿನಽ, ಜಕ್ಕಪ್ಪ. ಕಡಿಮಿ ಮಾತಿನ ಮನಷ್ಯಾ. ಹೊಲ ಸವಳಾತು, ಉಪ್ಪಿನ ಭೂಮ್ಯಾಗ ಇನ್ನೇನೂ ಬೆಳಿಯೂದಿಲ್ಲ ಅಂತ ತಿಳದು, ಇಟ್ಟಂಗಿ ಭಟ್ಟಿಯವಗ ಮ್ಯಾಲಿನ ಮಣ್ಣು ಕೊಡತೇನಿ ಅಂತ ಹೇಳಿ ಬಂದಿದ್ದ. ಸೋಮವಾರ ಟ್ರ್ಯಾಕ್ಟರ್ ಬರೂದಿತ್ತು. ಮ್ಯಾಲಿನ ಮಣ್ಣು ಹ್ವಾದರ ಹೊಲ ಎಲ್ಲಿ ಉಳೀತು? ನಮ್ಮ ಮಾವ ಕುರಿ ಹಿಂದ ಊರೂರು ತಿರುಗೂದು ಬಿಟ್ಟು ನೆಲಿ ನಿಂತ ಹೊಲ ಅದು. ಗಂಡಗ ಬಾಯಿಗೆ ಬಂದಂಗ ಬೈದು, ಗುರುವಾರ ಮಣ್ಣು ತಗೊಂಡು ಜಮಖಂಡಿ ಬಸ್ ಹತ್ತಿದೆ.

ಮಣ್ಣು ತಗಿಯೂ ಮುಂದ ಒಂದ ಆಟಾ ಮಾಡಿದ್ದೆ. ಬಿಳೇ ಮಣ್ಣು ಒಯ್ಯಾಕ ನಾಚಿಕಿ. ಕನ್ಯಾ ತೋರಸೂ ಮುಂದ ಹರಕ ಸೀರಿ ಉಡಸತಾರೇನು? ಹಿಂದ ಕುರಿ ನಿಲ್ಲಸತಿದ್ದ ಮೂಲ್ಯಾಗಿನ ಕರೇ ಮಣ್ಣು ಸೋಸಿ, ಹೊಸಾ ಕುಬಸದ ಖಣದಾಗ ಗಂಟು ಕಟ್ಟಿದ್ದೆ.

ಬಾಯಾರು ಅದನ್ನ ಕಾಗದದ ಮ್ಯಾಲ ಹರವಿ, ಬೆರಳಿಲೆ ತಿಕ್ಕಿ, ಮೂಸಿ ನೋಡಿದರು. ಆಮ್ಯಾಲ ಚಿಮಟಾದಿಂದ ಒಂದ ಎಳಿ ಎತ್ತಿ ನನ್ನ ಮುಂದ ಹಿಡದರು. ಕುರಿ ಕೂದಲಾ.

"ಅಕ್ಕಾರ, ಇದು ಕುರಿ ಕೂತ ಜಾಗಾದ ಮಣ್ಣು. ಜಡ್ಡು ಬಿದ್ದ ಜಾಗಾ ಎಲ್ಲೈತ್ರಿ?"

ಸಿಟ್ಟು ನೆತ್ತಿಗೇರಿತು, ಆದರ ಸಿಕ್ಕಬಿದ್ದಿದ್ದೆ, ಬಿಳೇ ಮಣ್ಣು ಹೊಲದಾಗಽ ಬಿಟ್ಟು ಬಂದೇನಿ ಅಂತ ಒಪ್ಪಿಕೊಂಡೆ. ಟ್ರ್ಯಾಕ್ಟರ್ ಸುದ್ದಿನೂ ಹೇಳಿದೆ. ನಾಳೆ ನಾನಽ ಬರತೇನಿ ಅಂದರು.

ಸ್ಕೂಟಿ ಮ್ಯಾಲ ಬಂದರು. ಅವರ ಕೆಲಸಾ ನೋಡಬೇಕು. ಹೊಲದ ತುಂಬ ಅಡ್ಡಾಡಿ ಹತ್ತ ಕಡೆ ಗೇಣುದ್ದ ಕುಣಿ ತಗದು, ಮ್ಯಾಲಿಂದ ತಳದತನ ಒಂದಽ ಸಮ ಮಣ್ಣು ಕೆರಕೊಂಡರು. ಬದುವಿನ ಹತ್ರ ಬ್ಯಾಡ, ಗಿಡದ ನೆರಳಾಗ ಬ್ಯಾಡ, ಗೊಬ್ಬರ ಬಿದ್ದಲ್ಲಿ ಮೊದಲಽ ಬ್ಯಾಡ ಅಂತ ನನ್ನ ಕಡೆ ನೋಡಿ ನಕ್ಕರು. ಕಬ್ಬು ಕಿತ್ತು ನೋಡಿದರ ಬೇರು ಕರ್ರಗ ಕೊಳತಿದ್ದುವು. ಇನ್ನೊಂದ ಕುಣಿ ಮೊಳಕಾಲ ಆಳ ತಗಸಿದರು, ಅದರಾಗ ನೀರು ಜಿನುಗಿ ನಿಂತಿತು. ಸಣ್ಣ ಯಂತ್ರ ಅದ್ದಿ ನೋಡಿ, ಉಪ್ಪು ಐತಿ, ಖರೆ ನೆಲಾ ಸತ್ತಿಲ್ಲ, ನೀರಿಗೆ ಹೊರಗ ಹೋಗಾಕ ದಾರಿ ಇಲ್ಲದಽ ಉಪ್ಪು ಮ್ಯಾಲ ಏರೈತಿ ಅಂದರು. ಕೆಸರಾಗ ಮೊಳಕಾಲೂರಿ ಕೂತ ಆ ಹುಡುಗಿ ನನ್ನ ಮಗಳ ವಯಸ್ಸಿನಾಕಿ. ನೋಡಿ ನನಗ ಭಾಳ ಹೆಮ್ಮಿ ಆತು.

ಆಮ್ಯಾಲ, ಇಲ್ಲಿ ಹಿಂದ ನೀರು ಬಸದು ಹೊರಗ ಹೋಗೂ ಬಸಿಗಾಲುವಿ ಇರಲಿಲ್ಲೇನು ಅಂತ ಕೇಳಿದರು.

ಜಕ್ಕಪ್ಪ ನೆಲಾ ನೋಡಕೋತ ನಿಂತ. ಅಂವಾ ಹೇಳೂದಿಲ್ಲ, ನನಗ ಗೊತ್ತು. ಮೂರ ವರ್ಷದ ಹಿಂದ, ನಾಕ ಸಾಲು ಕಬ್ಬು ಹೆಚ್ಚಿಗಿ ಬರತಾವಂತ, ಅವನ ಮಾತು ಕೇಳದ ಆ ಕಾಲುವಿ ಮುಚ್ಚಿಸಿದಾಕಿ ನಾನಽ. ಇಷ್ಟ ದಿನಾ ಮಂದಿ ಮುಂದಾಗಲಿ ಮನ್ಯಾಗಾಗಲಿ ಅಂವಾ ಒಮ್ಮಿನೂ ನನ್ನ ಹೆಸರು ಎತ್ತಿರಲಿಲ್ಲ.

"ಮುಚ್ಚಿಸಿದಾಕಿ ನಾನಽ ರೀ," ಅಂದೆ.

ಬಾಯಾರು ಬೈಲಿಲ್ಲ. ಸಲಕಿ ತಂದು ನನ್ನ ಕೈಯಾಗ ಕೊಟ್ಟರು.

"ಹಂಗಾರ ಎಲ್ಲಿತ್ತಂತ ನಿಮಗಽ ಚಂದಂಗ ಗೊತ್ತಿರತೈತಿ. ತೋರಸ್ರಿ."

ಮೂರ ದಿನಾ ಇಬ್ಬರೂ ಅಗದ್ವಿ. ಸೋಮವಾರ ಬಂದ ಟ್ರ್ಯಾಕ್ಟರ್‌ನ ಜಕ್ಕಪ್ಪನಽ ಹೊಳ್ಳಿ ಕಳಿಸಿದ. ಆಗ ಕಾಲುವ್ಯಾಗ ನೀರು ಸಣ್ಣಗ ಹಳ್ಳದ ಕಡೆ ಹೊಂಟಿತ್ತು. ನಾ ಬೆರಳ ಅದ್ದಿ ನಾಲಿಗಿಗೆ ಹಚ್ಚಿಕೊಂಡೆ, ಅವನ ನಾಲಿಗಿಗೂ ಹಚ್ಚಿದೆ.

ಉಪ್ಪು ಹೊರಗ ಹೊಂಟೈತಿ ಅಂದೆ. ಅಂವಾ ಮಾರಿ ಸೊಟ್ಟ ಮಾಡಿ ನಕ್ಕ. ಹೊಲದಾಗ ಅಂವಾ ನಕ್ಕಿದ್ದು ಮೂರ ವರ್ಷದ ಮ್ಯಾಲ.