ಒಡೆದ ಷಡ್ಜ

"ರೀ, ಸ್ವಲ್ಪ ಹಿಂದಕ್ಕೆ ಹಾಕಿ," ಎಂದು ಪಂಕಜಾ ಸೌಟು ಕೆಳಗಿಟ್ಟು ತೊಡೆಯ ಮೇಲೆ ತಾಳ ಹಾಕತೊಡಗಿದರು. ಸಿ.ಡಿ. ಪ್ಲೇಯರಿನಲ್ಲಿ ಢಮ್ ಢಮ್ ಎಂದು ಒಂದೇ ಸಮನೆ ಪೆಟ್ಟು, ಅದರ ಮೇಲೆ ಅವರದೇ ಧ್ವನಿ. 'ಹರಿಯೇ' ಎಂಬ ಮಾತು ಮೇಲಿನ ಷಡ್ಜಕ್ಕೆ ಏರಿ, ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿ ಒಡೆಯುತ್ತಿತ್ತು. ನಾಲ್ಕು ಸಲ ಒಡೆದ ಮೇಲೆ ಪೆಟ್ಟು ನಿಲ್ಲುತ್ತಿತ್ತು. ಆಮೇಲೆ ಮತ್ತೆ ನಾಲ್ಕು ಸಲ.

"ನಮ್ಮ ಆದಿತಾಳಾನೇ ಅಲ್ವೇನ್ರೀ ಇದು? ಹುಡುಗ ಎಲ್ಲೂ ಲೆಕ್ಕ ತಪ್ಪಿಲ್ಲ," ಎಂದರು. ಗಂಡ ಚಂದ್ರಶೇಖರ ಹೂಂ ಎಂದರು.

ಹುಡುಗ ಎಂದರೆ ಕಾರ್ತಿಕೇಯ. ಮೈಸೂರಿನವನು, ಗುರಗಾಂವದಲ್ಲಿ ಕೆಲಸ, ಜನಕಪುರಿಯ ಇವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ರಜೆಯ ದಿನ ಕಂಪ್ಯೂಟರಿನ ಮುಂದೆ ಕೂತು ಹಳೆಯ ಹಾಡುಗಳಿಗೆ ಡಿಸ್ಕೋಗಳಲ್ಲಿ ಕುಣಿಯುವ ಹೌಸ್ ಮ್ಯೂಸಿಕ್ಕಿನ ಪೆಟ್ಟು ಕೂಡಿಸಿ ರೀಮಿಕ್ಸ್ ಮಾಡುತ್ತಿದ್ದ. ಅವನ ಕೈಯಲ್ಲಿ ಕಸುಬಿತ್ತು, ಸುಳ್ಳೇಕೆ ಹೇಳಬೇಕು. ಎಲ್ಲಿ ಪೆಟ್ಟು ನಿಲ್ಲಿಸಿದರೆ ಕೇಳುವವರ ಉಸಿರು ಹಿಡಿದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಗುರಗಾಂವಕ್ಕೆ ಹೋಗುವ ಆಫೀಸು ಕ್ಯಾಬುಗಳಲ್ಲಿ ಕನ್ನಡದ ಹುಡುಗ ಹುಡುಗಿಯರು ಅವನ ಸಿ.ಡಿ.ಗಳನ್ನೇ ಹಾಕಿಸುತ್ತಿದ್ದರು. ಎಲ್ಲಕ್ಕಿಂತ ಹೆಸರಾದದ್ದು ಈ 'ಹರಿಯೇ'. ಒಡೆಯುವ ಜಾಗ ಬಂದಾಗ ಇಡೀ ಕ್ಯಾಬು ಗಂಟಲು ಹಿಡಿದುಕೊಂಡು ಕಿರುಗುಟ್ಟಿ, ಬಿದ್ದು ಬಿದ್ದು ನಗುತ್ತಿತ್ತು.

ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರಾರ್ಥನೆ ಪಂಕಜಾ ಅವರದೇ. ಚಂದ್ರಶೇಖರ ಮೊದಲ ಸಾಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಪ್ರತಿ ವರ್ಷ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದರು. ಕಾರ್ತಿಕೇಯ ಆ ಹಾಡುಗಳು ಬೇಕೆಂದು ಕೇಳಿದಾಗ ಪಂಕಜಾ ಬಿಸಿಬೇಳೆಭಾತಿನ ಜೊತೆ ಕ್ಯಾಸೆಟ್ಟಿನ ಇಡೀ ಡಬ್ಬವನ್ನೇ ಕೊಟ್ಟರು. ಅಷ್ಟೂ ವರ್ಷದ ಹಾಡಿನಲ್ಲಿ, ಶೀತವಾಗಿದ್ದ ಒಂದು ವರ್ಷದ ಒಂದು ಕ್ಷಣವನ್ನು ಅವನು ಹೆಕ್ಕಿಕೊಂಡ. ನೊಣಕ್ಕೆ ಮೈಯೆಲ್ಲ ಬಿಟ್ಟು ಹುಣ್ಣೇ ಬೇಕು.

ಈ ಸಲ ಪ್ರಾರ್ಥನೆಯನ್ನು ಬೇರೆಯವರಿಗೆ ಕೊಡೋಣವೆಂದು ಸಂಘದ ಕಾರ್ಯದರ್ಶಿ ನಾರಾಯಣಸ್ವಾಮಿ ಮೊದಲೇ ಸೂಚಿಸಿದ್ದರು. ಅಂದಿನಿಂದ ಪಂಕಜಾಗೆ ಅನ್ನ ಸೇರಿರಲಿಲ್ಲ. ಈ ಹಿಂದಿ ಊರಿನಲ್ಲಿ ಅವರು ಎಲ್ಲರಿಗೂ ಆಂಟಿ, ಭಾಭೀಜಿ. ಹೆಸರು ಹಿಡಿದು 'ಶ್ರೀಮತಿ ಪಂಕಜಾ' ಎಂದು ಕರೆಯುತ್ತಿದ್ದುದು ವರ್ಷಕ್ಕೊಮ್ಮೆ, ಆ ಮೈಕಿನಲ್ಲಿ ಮಾತ್ರ. ಆಮೇಲೆ ನಾರಾಯಣಸ್ವಾಮಿ ತಾವೇ ಫೋನು ಮಾಡಿ, ಹುಡುಗರೆಲ್ಲ ನೀವೇ ಹಾಡಬೇಕು ಅಂತಿದ್ದಾರೆ, ಅದೇ 'ಹರಿಯೇ' ಆಗಬೇಕಂತೆ ಎಂದರು. ಜನ ಮೆಚ್ಚಿದ್ದು ಆ ಜಾಗವನ್ನು ಎಂದ ಮೇಲೆ ಅದು ಹಾಗೆಯೇ ಬರಬೇಕಲ್ಲ? ಪಂಕಜಾ ಸಿ.ಡಿ. ಹಾಕಿಕೊಂಡು ಒಡೆಯುವುದನ್ನು ಅಭ್ಯಾಸ ಮಾಡಿದರು. ಒಡೆಯಬಾರದೆಂದು ಬಾಲ್ಯದಿಂದ ತಿದ್ದಿದ ಗಂಟಲು ಸುಲಭಕ್ಕೆ ಒಪ್ಪಲಿಲ್ಲ. ನೋವಾಯಿತು. ಮೆಣಸಿನ ಕಷಾಯ ಕುಡಿದು ಮತ್ತೆ ಕೂತರು.

"ಹಾಗೇ ಬರ್ತಿದೆಯೇನೇ?" ಎಂದು ಮಗಳನ್ನು ಕೇಳಿದರು.

"ಹಾಂ ಮಮ್ಮಿ, ಬಿಲ್ಕುಲ್ ಹಾಗೇ," ಎಂದಳು ಮಾನ್ಯಾ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಕಾರ್ತಿಕೇಯನ ಗೆಳೆಯರ ಗುಂಪಿನಲ್ಲಿ 'ಹರಿಯೇ ಆಂಟಿಯ ಮಗಳು' ಎಂದು ಅವಳಿಗೊಂದು ಜಾಗ ಸಿಕ್ಕಿತ್ತು. ಅದನ್ನು ಕಳೆದುಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ನವೆಂಬರಿನ ಆ ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಪಂಕಜಾ ಮೇಲಿನ ಷಡ್ಜಕ್ಕೆ ಏರಿ, ಕಣ್ಣು ಮುಚ್ಚಿ, ಲೆಕ್ಕವಿಟ್ಟು ನಾಲ್ಕು ಸಲ ಒಡೆದರು. ರೀಮಿಕ್ಸಿನಲ್ಲಿ ಇದ್ದಷ್ಟೇ ಹೊತ್ತು ನಿಂತರು. ಸಭಾಂಗಣ ಭೋರ್ಗರೆಯಿತು. ಒನ್ಸ್ ಮೋರ್ ಎಂದು ಹಿಂದಿನಿಂದ ಕೂಗಿದರು. ನಾರಾಯಣಸ್ವಾಮಿ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು ಪಂಕಜಾಗೆ ಎದೆ ತುಂಬಿ ಬಂತು. ಕೈಮುಗಿದು ಇನ್ನೊಮ್ಮೆ ಹಾಡಿದರು.

ಮನೆಗೆ ಬಂದು ರೇಷ್ಮೆ ಸೀರೆಯನ್ನೂ ಬಿಚ್ಚದೆ, ಕ್ಯಾಸೆಟ್ ಹಾಕಿ ಎಂದರು. ಚಂದ್ರಶೇಖರ, ಬ್ಯಾಟರಿ ಮುಗಿದಿತ್ತು, ಏನೂ ತುಂಬಿಲ್ಲ ಎಂದರು. ಗಂಡನ ಸುಳ್ಳು ಹೆಂಡತಿಗೆ ತಿಳಿಯದೇ? ಪಂಕಜಾ ತಾವೇ ಗುಂಡಿ ಒತ್ತಿದರು.

ಮೊದಲು ಅವರ ಹಾಡು, ದೂರದಿಂದ. ಆಮೇಲೆ ಅಪ್ಪನ ಪಕ್ಕದಲ್ಲೇ ಕಾರ್ತಿಕೇಯನ ಜೊತೆ ಕೂತಿದ್ದ ಮಾನ್ಯಾಳ ಪಿಸುಮಾತು, ಕಿವಿಯಲ್ಲೇ ಹೇಳಿದಷ್ಟು ಹತ್ತಿರದಿಂದ.

"ದೇಖ್ ಕಾರ್ತಿ, ಈಗ ಒಡೆಯತ್ತೆ. ಪೂರಾ ಒಂದು ತಿಂಗಳು ಪ್ರಾಕ್ಟೀಸ್ ಮಾಡಿದಾಳೆ, ಯಾರ್."

ಆಮೇಲೆ ನಗು. ಮೊದಲು ಇಬ್ಬರದು, ಆಮೇಲೆ ಎಲ್ಲರದು. ಪಂಕಜಾ ಕೊನೆಯವರೆಗೂ ಕೇಳಿದರು. ಚಂದ್ರಶೇಖರ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಮರುದಿನ ಬೆಳಿಗ್ಗೆ ಎಂದಿನಂತೆ ಶ್ರುತಿಪೆಟ್ಟಿಗೆ ತೆಗೆದು ಕೂತರು. ಸ ರಿ ಗ ಮ ಪ ದ ನಿ. ಸ್ವರಗಳು ಒಂದೊಂದಾಗಿ ಶುದ್ಧವಾಗಿ ಬಂದವು. ಮೇಲಿನ ಷಡ್ಜ ಒಡೆಯಿತು. ನೀರು ಕುಡಿದು, ಸೊಂಟ ನೆಟ್ಟಗೆ ಮಾಡಿ, ಕೆಳಗಿನಿಂದ ಮತ್ತೆ ನಿಧಾನವಾಗಿ ಏರಿದರು. ಅದೇ ಜಾಗದಲ್ಲಿ, ಅಷ್ಟೇ ಸರಿಯಾಗಿ, ಮತ್ತೆ ಒಡೆಯಿತು. ಇಷ್ಟು ದಿನ ಕಲಿಸಿದ್ದನ್ನು ಗಂಟಲು ಈಗ ಕಲಿತುಕೊಂಡಿತ್ತು.

ಪಂಕಜಾ ಶ್ರುತಿಪೆಟ್ಟಿಗೆಯನ್ನು ಮುಚ್ಚಿ, ಅದರ ಮೇಲೆ ಬಟ್ಟೆ ಹೊದಿಸಿ, ಮಾನ್ಯಾಳ ಡಬ್ಬಿಗೆ ಚಪಾತಿ ಕಟ್ಟಲು ಎದ್ದರು.