ಬೆನ್ನು ತಿರುಗಿಸಿ ನಿಂತವಳು

ಟಕ್. ರಾತ್ರಿ ಎರಡಕ್ಕೆ, ಮನೆಯೆಲ್ಲ ಮಲಗಿದ ಮೇಲೆ, ನನ್ನೊಳಗಿನ ಸ್ಪ್ರಿಂಗ್ ಮಾಡುತ್ತಿದ್ದ ಸದ್ದು ಅದು. ಅದನ್ನು ಬಲ್ಲವರು ಇಬ್ಬರೇ: ನಾನು ಮತ್ತು ಪ್ರಜ್ವಲಾ.

ನಾನು ಒಂದು ತೂಕದ ಯಂತ್ರ. ಕಾರ್ಖಾನೆಯಲ್ಲಿ ಹುಟ್ಟಿ, ದಾವಣಗೆರೆಯ ಅಂಗಡಿಯೊಂದರಿಂದ ಪ್ರಜ್ವಲಾಳ ಅಪ್ಪನ ಜೊತೆ ಅವರ ಮನೆಗೆ ಬಂದೆ. ಸಕ್ಕರೆ ಕಾಯಿಲೆಯ ಅಪ್ಪ ನನ್ನ ಮೇಲೆ ಹತ್ತಿದ್ದು ನಾಲ್ಕೈದು ಸಲ. ಹದಿನೇಳರ ಮಗಳು ಮಾತ್ರ ಮತ್ತೆ ಮತ್ತೆ ಬಂದಳು. ಗೆಳತಿಯರಿಗಿಂತ, ಹೆತ್ತವಳಿಗಿಂತ ನನ್ನನ್ನೇ ನಂಬಿದಳು. ಅವಳು ಊಟ ಬಿಟ್ಟು ಬಾಡುತ್ತಿದ್ದುದು ನನಗೆ ತಿಳಿಯುತ್ತಿತ್ತು. ಆದರೂ ಅವಳು ನನ್ನವಳೆಂಬ ಹೆಮ್ಮೆಯೇ ದೊಡ್ಡದಾಗಿತ್ತು.

ಒಂದು ದಿನ ಬಚ್ಚಲಲ್ಲಿ ಕುಸಿದಳು. ಅವಳು ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಅಮ್ಮ ನನ್ನನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿದ್ದರು.

"ಇನ್ನೊಂದು ದೋಸೆ ಹಾಕ್ಲೇನೇ?"

"ಅರ್ಧ ಹಾಕಮ್ಮ."

ಆ ಅರ್ಧ ದೋಸೆಯನ್ನು ಕಂಡು ಉರಿದಷ್ಟು ನಾನು ಯಾರನ್ನು ಕಂಡೂ ಉರಿದಿಲ್ಲ.

ಅವಳ ಮದುವೆಯಾದಾಗ ಪಾತ್ರೆಗಳ ಡಬ್ಬಿಯೊಳಗೆ ತಪ್ಪಿ ನಾನೂ ಅವಳ ಅತ್ತೆಮನೆ ಸೇರಿದೆ. ಅತ್ತೆ ನೀಲಾಂಬಿಕೆ ನಿವೃತ್ತ ಟೀಚರ್. ನನ್ನ ಮೇಲೆ ಹಳೆ ಪೇಪರ್ ತೂಗಿ ಗುಜರಿಯವನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಪ್ರಜ್ವಲಾ ನನ್ನತ್ತ ನೋಡದೆ ದಾಟಿಹೋಗುತ್ತಿದ್ದಳು. ಗಂಡ ಶರತ್‌ನ ತಟ್ಟೆಯಿಂದ ಹಪ್ಪಳ ಕದ್ದು ನಗುತ್ತಿದ್ದಳು. ನನಗೆ ಅವನೂ ಆಗುತ್ತಿರಲಿಲ್ಲ, ಹಪ್ಪಳವೂ ಆಗುತ್ತಿರಲಿಲ್ಲ.

ಆಮೇಲೆ ಆರೋಗ್ಯ ವಿಮೆಯ ಫಾರಂ ಬಂತು. ಹಿಂದೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆ ಅದರಲ್ಲಿತ್ತು.

"ಹದಿನಾಲ್ಕು ವರ್ಷದ ಹಿಂದಿನ ಕತೆ ಯಾಕೆ ಮೇಡಂ? ಇಲ್ಲ ಅಂತ ಹಾಕಿ," ಎಂದ ಏಜೆಂಟ್, ಫೋನಿನಲ್ಲಿ.

"ಈಗ ಮುಚ್ಚಿಟ್ಟರೆ ಆಸ್ಪತ್ರೆ ಸೇರಿದಾಗ ಅದೇ ನೆಪ ಹೇಳ್ತಾರೆ," ಎಂದು ಅವಳು 'ಹೌದು' ಎಂದೇ ಬರೆದಳು. ಹಾಗೆ ಬರೆದಿದ್ದಕ್ಕೆ ಒಂದು ಕಂಪನಿ ಬೇಡವೆಂದಿತು. ಎರಡನೆಯದು ಈಗಿನ ತೂಕ ಕೇಳಿತು.

ಕೊನೆಗೂ ನನ್ನ ಬಳಿ ಬರಲೇಬೇಕಲ್ಲ! ಬಂದಳು. ಆದರೆ ಅತ್ತೆಯನ್ನು ಕರೆತಂದು, ಬಾಗಿಲು ಹಾಕಿ, ನನಗೆ ಬೆನ್ನು ತಿರುಗಿಸಿದಳು.

"ಆಸ್ಪತ್ರೆಯಲ್ಲಿ ಹೀಗೇ ನಿಲ್ಲಿಸ್ತಿದ್ರು ಅತ್ತೆ. ನೀವು ನೋಡಿ ಬರೀರಿ, ನನಗೆ ಹೇಳಬೇಡಿ. ಅಂಕಿ ಕಂಡರೆ ಮತ್ತೆ ಊಟ ಬಿಡ್ತೀನೇನೋ ಅಂತ ಭಯ."

"ಹತ್ತು ಮಾರಾಯ್ತಿ. ಮೂವತ್ತು ವರ್ಷ ಮಕ್ಕಳ ಮಾರ್ಕ್ಸ್ ಮುಚ್ಚಿಟ್ಟವಳು ನಾನು."

ಹಿಮ್ಮಡಿಗಳು ನನ್ನ ಮುಖದ ಬಳಿ ನಿಂತವು. ತಿರುಗು, ಒಂದೇ ಸಲ ತಿರುಗು ಎಂದು ಬೇಡಿಕೊಂಡೆ. ಅವಳ ಕತ್ತು ಮೆಲ್ಲಗೆ ಹೊರಳಿತು. ಗಲ್ಲ ಭುಜಕ್ಕೆ ತಾಗಿತು. ಇನ್ನೇನು ಅಂಕಿ ಕಾಣಬೇಕು, ಅಷ್ಟರಲ್ಲಿ ನೀಲಾಂಬಿಕೆ ತಟ್ಟನೆ ನನ್ನ ಮುಖಕ್ಕೆ ಸೆರಗು ಮುಚ್ಚಿದರು. ಅದರ ಅಂಚೆತ್ತಿ ತಾವು ಮಾತ್ರ ನೋಡಿ ಬರೆದುಕೊಂಡರು.

"ತಿರುಗಿಬಿಟ್ಟೆ ಅತ್ತೆ," ಎಂದಳು ಅವಳು, ಬಿಳಿಚಿಕೊಂಡು.

"ನಾನು ಬಿಟ್ಟರೆ ತಾನೆ ಕಾಣೋದು? ನಡಿ, ಅನ್ನ ಆರ್ತಿದೆ."

ಪಾಲಿಸಿ ಸಿಕ್ಕಿತು, ಕಂತು ತುಸು ಹೆಚ್ಚು. ಅಂದೇ ನೀಲಾಂಬಿಕೆ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಮೆಟ್ಟಿಲ ಕೆಳಗಿಡಲು ತಂದರು. ಹದಿನಾಲ್ಕು ವರ್ಷ ನಾನು ಅಸೂಯೆಪಟ್ಟಿದ್ದು ದೋಸೆಯನ್ನು, ಗಂಡನನ್ನು ಕಂಡು. ಪಡಬೇಕಿದ್ದದ್ದು ಈ ಮುದುಕಿಯನ್ನು ಕಂಡು.

"ಅವತ್ತು ಬಾಗಿಲು ಹಾಕ್ಕೊಂಡು ಏನಮ್ಮ ಮಾಡಿದ್ರಿ?" ಶರತ್ ಒಳಗಿಂದ ಕೂಗಿದ.

"ಹೆಂಗಸರ ವಿಷಯ ನಿನಗ್ಯಾಕೆ?"

ಆಮೇಲೆ ಬಗ್ಗಿ, ಗೋಣಿಯ ಬಾಯಿ ಬಿಗಿಯುತ್ತ, ನನಗಷ್ಟೇ ಕೇಳುವಂತೆ ಅಂದರು: "ಅವಳು ತಿರುಗಿದ್ದು ನನ್ನಲ್ಲೇ ಇರುತ್ತೆ. ಮಗನಿಗೂ ಹೇಳಲ್ಲ."